ಬ್ಯಾಂಡ್ ಕಟ್ಟಲು ಜೀವದ ಗೆಳೆಯರೇ ಬೇಕೇ?

ಹೊಸದಾಗಿ ಬ್ಯಾಂಡ್ ಕಟ್ಟುವವರು ಆಪ್ತರನ್ನೇ ಹುಡುಕುತ್ತಾ ಕೂರಬೇಡಿ. ನಮ್ಮ ಡ್ರಮ್ಮರ್ ಮನೆ ಸುರತ್ಕಲ್‌ನಲ್ಲಿದೆ ಎಂಬುದು ಬಿಟ್ಟರೆ ಅವರ ಬಗ್ಗೆ ನನಗೆ ಹೆಚ್ಚೇನೂ ಗೊತ್ತಿಲ್ಲ. ಆದರೆ ಹಾಡಿನ ನಡುವೆ ನಾನು ಉಸಿರೆಳೆದುಕೊಳ್ಳುವ ಜಾಗ ಅವರಿಗೆ ಗೊತ್ತು. ಅಲ್ಲಿ ಕೈ ಹಗುರ ಮಾಡುತ್ತಾರೆ. ತೆಂಕುತಿಟ್ಟು ಯಕ್ಷಗಾನದ ಹಿಮ್ಮೇಳವನ್ನೇ ನೋಡಿ, ಹಾಡುವ ಭಾಗವತರ ಜಾಗಟೆಗೆ ಚೆಂಡೆ, ಮದ್ದಳೆ ಕೂಡಿಕೊಳ್ಳುವುದು ಕಿವಿಯಿಂದ.

ಜಗಳ ಬರುವುದು ತಾಳಕ್ಕಲ್ಲ, ದುಡ್ಡಿಗೆ. ಮದುವೆ ಮನೆಯ ಕಾರ್ಯಕ್ರಮ ಒಪ್ಪಿಕೊಳ್ಳುವ ಮೊದಲೇ ಸಂಭಾವನೆಯಲ್ಲಿ ಯಾರಿಗೆಷ್ಟು, ಸ್ಪೀಕರ್ ಸಾಗಿಸುವ ಟೆಂಪೋ ಬಾಡಿಗೆ ಯಾರದ್ದು ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆದಿಡಿ. ಗೆಳೆಯನ ಬಳಿ ಈ ಮಾತೆತ್ತಲು ಸಂಕೋಚಪಟ್ಟೇ ನನ್ನ ಮೊದಲ ತಂಡ ಒಡೆಯಿತು. ಈಗ ಅಭ್ಯಾಸ ಮುಗಿದ ಮೇಲೆ ಒಂದು ಪ್ಲೇಟ್ ಗೋಳಿಬಜೆ ಖಾಲಿಯಾಗುವಷ್ಟು ಹೊತ್ತು ಹರಟುತ್ತೇವೆ. ನನಗಂತೂ ಅಷ್ಟು ಸಾಕು.