ಗುಳ್ಳೆ ಎದ್ದ ಬಣ್ಣ: ಮೊದಲು ಅದರ ಬೆನ್ನು ನೋಡಿ

ಹದಿನೆಂಟು ವರ್ಷದಿಂದ ಬೆಳಗಾವಿಯಲ್ಲಿ ಮನೆಗಳಿಗೆ ಬಣ್ಣ ಹಚ್ಚುತ್ತಿದ್ದೇನೆ. ಆದರೆ ಸರಿಯಾಗಿ ಬೈಸಿಕೊಂಡದ್ದು ವಡಗಾವಿಯಲ್ಲಿ, ನನ್ನ ಅಕ್ಕನ ಹೊಸ ಮನೆಯಲ್ಲಿ. ಗಿಲಾವ್, ಅಂದರೆ ಗೋಡೆಯ ಸಿಮೆಂಟ್ ಗಾರೆ, ಮುಗಿದದ್ದು ಮೇ ಕೊನೆಗೆ. ಆಷಾಢ ಹಿಡಿಯುವ ಮೊದಲೇ ಗೃಹಪ್ರವೇಶ ಆಗಬೇಕು ಅಂತ ಅಕ್ಕನ ಹಟ. ಗಾರೆ ಕೆಲಸದ ಗೌಂಡಿ ಅದಕ್ಕೆ ನೀರು ಹೊಡೆಯುವುದು ನಿಲ್ಲಿಸಿ ಹತ್ತು ದಿನ ಆಗಿತ್ತಷ್ಟೇ. ಬೇಡ ಅನ್ನಲು ಬಾಯಿ ಬರಲಿಲ್ಲ, ಹಚ್ಚಿಬಿಟ್ಟೆ. ಆಗಸ್ಟ್‌ನಲ್ಲಿ ನೋಡಿದರೆ ಹಾಲ್ ಗೋಡೆ ತುಂಬ ಹಪ್ಪಳದ ಹಾಗೆ ಗುಳ್ಳೆ. “ಊರ ಮನೀಗೆಲ್ಲಾ ಚೊಲೋ ಹಚ್ಚಿ, ನನ್ನ ಮನೀಗೇ ಹಿಂಗ ಮಾಡಿದೆಲ್ಲೋ!”

ಹೊಸ ಗಿಲಾವ್ ಮೇಲೆ ಮುಟ್ಟಿದರೆ ಒಣಗಿದಂತೆ ಕಾಣುತ್ತದೆ, ಒಳಗೆ ಹಸಿ ಇರುತ್ತದೆ. ಆ ನೀರು ಹೊರಗೆ ಬರಲು ನೋಡುತ್ತದೆ. ಬಣ್ಣ ಅಡ್ಡ ನಿಂತರೆ ಅದನ್ನೇ ದೂಡಿ ಎಬ್ಬಿಸುತ್ತದೆ. ಆಯಿಲ್ ಪೇಂಟ್ ಇದ್ದರಂತೂ ಇನ್ನೂ ಜಾಸ್ತಿ, ಅದು ಗೋಡೆಗೆ ಉಸಿರಾಡಲು ಬಿಡುವುದಿಲ್ಲ.

ಗುಳ್ಳೆ ಕಂಡ ಕೂಡಲೇ ಪುಟ್ಟಿ (ಬಣ್ಣಕ್ಕೆ ಮೊದಲು ಗೋಡೆ ನುಣುಪು ಮಾಡುವ ಲೇಪ) ಮೆತ್ತಬೇಡಿ. ಬ್ಲೇಡಿನಿಂದ ಒಂದನ್ನು ಕೊಯ್ದು ಹಿಂದೆ ತಿರುಗಿಸಿ ನೋಡಿ. ಪುಟ್ಟಿ ಗೋಡೆಯಲ್ಲೇ ಉಳಿದು ಬಣ್ಣ ಮಾತ್ರ ಬಂದರೆ, ಉಜ್ಜಿದ ಧೂಳು ಒರೆಸಿಲ್ಲ, ಇಲ್ಲವೇ ಮೊದಲ ಕೋಟ್ ಒಣಗುವ ಮೊದಲೇ ಎರಡನೆಯದು ಎಳೆದಿದ್ದಾರೆ. ಅದು ಸಣ್ಣ ಕೆಲಸ. ಅಕ್ಕನ ಮನೆಯಲ್ಲಿ ಪುಟ್ಟಿಯೂ ಕಿತ್ತು ಬಂತು. ಬೆನ್ನಿಗೆ ಬೂದು ಗಿಲಾವ್ ಪುಡಿ, ಮೇಲೆ ಉಪ್ಪಿನಂಥ ಬಿಳಿ. ಅಂಗೈ ಇಟ್ಟರೆ ಗೋಡೆ ತಣ್ಣಗೆ. ಅಂದರೆ ನೀರು ಒಳಗಿನದು.

ಅನುಮಾನ ಇದ್ದರೆ ಎರಡಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಒಂದು ದಿನ ಗೋಡೆಗೆ ಅಂಟಿಸಿಡಿ. ಹಾಳೆಯ ಒಳಬದಿ ಹನಿ ಕೂತರೆ ಗೋಡೆ ಹಸಿ. ಹೊರಬದಿ ಮಾತ್ರ ಕೂತರೆ ಅದು ಮಳೆಗಾಲದ ಗಾಳಿಯದು, ಸುಮ್ನೆ ಹೆದರಬೇಡಿ. ಬಾತ್‌ರೂಮ್ ಪಕ್ಕದ ಗೋಡೆಯಾದರೆ ಪೈಪ್ ಸೋರುತ್ತಿದೆಯಾ, ಹೊರಗೋಡೆಯಾದರೆ ಬಿರುಕಿದೆಯಾ ನೋಡಿ. ಅದನ್ನು ಮುಚ್ಚದೆ ಒಳಗೆ ಎಷ್ಟು ಹಚ್ಚಿದರೂ ದುಡ್ಡು ದಂಡ.

ಸಡಿಲ ಇದ್ದದ್ದನ್ನೆಲ್ಲ ಗಟ್ಟಿ ಅಂಚು ಸಿಗುವವರೆಗೆ ಕೆರೆಯಿರಿ. ಬಿಳಿ ಉಪ್ಪನ್ನು ಒಣ ಬ್ರಶ್‌ನಿಂದಲೇ ಉದುರಿಸಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ಕಿಟಕಿ ತೆಗೆದು, ಫ್ಯಾನ್ ಹಾಕಿ, ಗೋಡೆಯನ್ನು ಹಾಗೇ ಬಿಡಬೇಕು. ಇದೇ ಕಷ್ಟದ ಕೆಲಸ. ಬಂದವರೆಲ್ಲ ಗೋಡೆಗೆ ಏನಾಯ್ತು ಅಂತ ಕೇಳುತ್ತಾರೆ, ಅಲ್ವಾ? ಅಕ್ಕ ಕ್ಯಾಲೆಂಡರ್ ತೂಗುಹಾಕಿ ಮುಚ್ಚಲು ನೋಡಿದಳು, ತೆಗೆಸಿದೆ.

ದಸರಾ ಮುಗಿದ ಮೇಲೆ ಪ್ಲಾಸ್ಟಿಕ್ ಒಣಗೇ ಉಳಿಯಿತು. ಸಿಮೆಂಟಿನ ಕ್ಷಾರ ತಡೆಯುವ ಪ್ರೈಮರ್ ಒಂದು ಕೈ, ತೆಳ್ಳಗೆ ಎರಡು ಕೋಟ್ ಪುಟ್ಟಿ, ಉಜ್ಜಿ ಒರೆಸಿ ಮತ್ತೆ ಪ್ರೈಮರ್, ಕೊನೆಗೆ ಎರಡು ಕೋಟ್ ಎಮಲ್ಷನ್. ಕೂಲಿ ನಾನು ಕೇಳಲಿಲ್ಲ, ಅವಳು ಕೊಡಲೂ ಇಲ್ಲ.

ಈಗ ಹೊಸ ಮನೆ ಒಪ್ಪಿಕೊಳ್ಳುವಾಗ ಮೊದಲೇ ಹೇಳಿಬಿಡುತ್ತೇನೆ: ಗಿಲಾವ್‌ಗೆ 7 ದಿನ ನೀರು, ಆಮೇಲೆ ಬೇಸಿಗೆಯಾದರೂ 28 ದಿನ ಖಾಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮೂರ ಮಳೆಯಲ್ಲಿ ದಿನ ಎಣಿಸುವುದಿಲ್ಲ, ಪ್ಲಾಸ್ಟಿಕ್ ಹಾಳೆ ನೋಡಿಯೇ ಬ್ರಶ್ ಹಿಡಿಯುತ್ತೇನೆ. ಮುಹೂರ್ತಕ್ಕೆ ಅವಸರ ಇದ್ದವರು ಸುಣ್ಣ ಬಳಿದು ಒಳಗೆ ಹೋಗಲಿ.