ನಾಲ್ಕು ದಿನಕ್ಕೊಮ್ಮೆ ನೀರು ಬಂದರೆ ಮನೆ ನಡೆಸುವುದು ಹೇಗೆ: ಹಾಂಗ್‌ಕಾಂಗ್‌ನಲ್ಲಿ ಅಮ್ಮ ಕಲಿಸಿದ್ದು

2024ರ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿತು. ಟ್ಯಾಂಕರ್ ಇವತ್ತು ಬರುತ್ತದೋ ನಾಳೆಯೋ ಗೊತ್ತಿಲ್ಲ. ಸೊಸೆ ಗಾಬರಿಯಾದಳು. "ಹತ್ತು ಬಕೆಟ್ ತರಿಸು, ಮುಚ್ಚಳ ಇರೋದೇ ಬೇಕು" ಎಂದೆ. ಎರಡು ವಾರ ಮನೆ ನಡೆಯಿತು. ಆಮೇಲೆ ಅವಳೇ "ಅತ್ತೆ, ಇದನ್ನೆಲ್ಲ ಬರೆದಿಡಿ" ಅಂದಳು.

ನಾನು ಇದನ್ನು ಕಲಿತದ್ದು 1963ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಆಗ ಅದು ಬ್ರಿಟಿಷರ ವಸಾಹತು. ನನಗೆ ಹನ್ನೊಂದು ವರ್ಷ, ತಮ್ಮನಿಗೆ ಏಳು. ಅಪ್ಪ ಉಡುಪಿ ಕಡೆಯವರು. ಬೊಂಬಾಯಿಗೆ ಹೋಗಿ, ಅಲ್ಲಿಂದ ಸಿಂಧಿ ವ್ಯಾಪಾರಿಯೊಬ್ಬರ ಅಂಗಡಿಯ ಲೆಕ್ಕ ಬರೆಯಲು ಹಾಂಗ್‌ಕಾಂಗ್ ಸೇರಿದ್ದರು. ಕೌಲೂನಿನ ಚಿಮ್ ಶಾ ಚುಯಿಯಲ್ಲಿ, ನೇಥನ್ ರೋಡಿನ ಹಿಂದಿನ ಗಲ್ಲಿಯಲ್ಲಿ, ನಾಲ್ಕನೇ ಮಹಡಿಯಲ್ಲಿ ನಮ್ಮ ಎರಡು ಕೋಣೆಯ ಮನೆ.

ಅಲ್ಲಿ ದೊಡ್ಡ ಹೊಳೆಯಿಲ್ಲ. ಆಗ ಬೆಟ್ಟಗಳ ನಡುವೆ ಜಲಾಶಯ ಕಟ್ಟಿ ಮಳೆನೀರು ಹಿಡಿಯಬೇಕಿತ್ತು. ಆ ವರ್ಷ ಮಳೆಯೇ ಕೈಕೊಟ್ಟಿತು. ಇಡೀ ವರ್ಷಕ್ಕೆ ಬಿದ್ದದ್ದು 901 ಮಿಲಿಮೀಟರ್. ನಮ್ಮ ಉಡುಪಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಸುರಿಯುತ್ತದೆ. ಜೂನ್ 1ರಿಂದ ಸರ್ಕಾರ ನಾಲ್ಕು ದಿನಕ್ಕೊಮ್ಮೆ, ಬರೀ ನಾಲ್ಕು ಗಂಟೆ ನೀರು ಬಿಡಲು ಶುರು ಮಾಡಿತು. ಚೀನಾದ ಪರ್ಲ್ ನದಿಗೆ ಹಡಗು ಕಳಿಸಿ ನೀರು ತುಂಬಿಸಿ ತಂದರು. ಆದರೂ ಹೆಚ್ಚುಕಡಿಮೆ ಒಂದು ವರ್ಷ ಹೀಗೇ ಕಳೆಯಿತು.

ಮೊದಲು ಪಾತ್ರೆಗಳ ವಿಷಯ. ಅಲ್ಲಿ ಎಲ್ಲರ ಕೈಯಲ್ಲೂ ಸೀಮೆಎಣ್ಣೆ ಡಬ್ಬ. ನಾಲ್ಕು ಗ್ಯಾಲನ್ನಿನದು, ಅಂದರೆ ಸುಮಾರು 18 ಲೀಟರ್. ಮೇಲೆ ಅಡ್ಡಲಾಗಿ ಮರದ ಹಿಡಿ ಹೊಡೆದಿರುತ್ತಿದ್ದರು. ಗುಡ್ಡದ ಗುಡಿಸಲುಗಳ ಜನ ಬೀದಿಯ ನಲ್ಲಿಯ ಮುಂದೆ ಗಂಟೆಗಟ್ಟಲೆ ನಿಂತು, ಎರಡು ಡಬ್ಬವನ್ನು ಅಡ್ಡೆಗೆ ತೂಗುಹಾಕಿ ಹೊತ್ತು ಹತ್ತುತ್ತಿದ್ದರು. ನನ್ನ ವಯಸ್ಸಿನ ಹುಡುಗಿಯರೂ ಇದ್ದರು. ಅವರನ್ನು ನೋಡಿದ ಮೇಲೆ ನನಗೆ ನಮ್ಮ ಮನೆಯ ಕಷ್ಟ ದೊಡ್ಡದು ಅನ್ನಿಸಲಿಲ್ಲ.

ಅಮ್ಮ ಹತ್ತು ಡಬ್ಬ ತಂದರು. ಸೀಮೆಎಣ್ಣೆಯ ವಾಸನೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಅಡುಗೆಯ ನೀರಿಗೆ ಕಡಲೆಕಾಯಿ ಎಣ್ಣೆಯ ಡಬ್ಬಗಳನ್ನು ಅಂಗಡಿಯಲ್ಲಿ ಕೇಳಿ ತಂದು, ವಾಷಿಂಗ್ ಸೋಡ ಹಾಕಿದ ಬಿಸಿನೀರಲ್ಲಿ ಮೂರು ಸಲ ತೊಳೆದು ಬಿಸಿಲಿಗಿಟ್ಟರು. ಅವಕ್ಕೆ ಕೆಂಪು ಬಟ್ಟೆಚೂರು ಕಟ್ಟಿದರು. ಕೆಂಪು ಇದ್ದ ಡಬ್ಬಕ್ಕೆ ಬೇರೆ ಚೊಂಬು ಅದ್ದುವ ಹಾಗಿಲ್ಲ. ಕುಡಿಯುವ ನೀರಿಗೆ ಚೀನೀ ಅಂಗಡಿಯ ದೊಡ್ಡ ಪಿಂಗಾಣಿ ಜಾಡಿ. ತಗಡು ತುಕ್ಕು ಹಿಡಿಯುತ್ತದೆ, ಜಾಡಿ ಹಿಡಿಯಲ್ಲ. ಈಗ ನೀವು ಪ್ಲಾಸ್ಟಿಕ್ ಬಕೆಟ್ ಇಟ್ಟುಕೊಳ್ಳಿ, ಆದರೆ ಬಣ್ಣ ಬೇರೆ ಬೇರೆ ಇರಲಿ. ಮುಚ್ಚಳದ ಕೆಳಗೆ ತೆಳು ಬಟ್ಟೆ ಕಟ್ಟಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ.

ಹತ್ತು ಡಬ್ಬದ ಪಾಲು ಹೀಗೆ. ಅಡುಗೆಗೆ ಮೂರು. ಪಾತ್ರೆಗೆ ಎರಡು. ಸ್ನಾನಕ್ಕೆ ಮೂರು. ಉಳಿದ ಎರಡು ಮಂಚದ ಕೆಳಗೆ. ಅವನ್ನು ಯಾರೂ ಮುಟ್ಟಬಾರದು. ಎರಡನೇ ವಾರ ತಮ್ಮ ಓಡುವಾಗ ಅಡುಗೆಯ ಡಬ್ಬವೊಂದು ಉರುಳಿ ಪೂರ್ತಿ ಖಾಲಿಯಾಯಿತು. ನೀರು ಬರಲು ಇನ್ನೂ ಎರಡು ದಿನ. ಅವನು ಮೂಲೆಯಲ್ಲಿ ನಿಂತು ಅಳುತ್ತಿದ್ದ. ಅಮ್ಮ ಬೈಯಲಿಲ್ಲ. ಚೆಲ್ಲಿದ ನೀರನ್ನು ಬಟ್ಟೆಯಲ್ಲಿ ಒತ್ತಿ ಬಕೆಟ್ಟಿಗೆ ಹಿಂಡಿದರು, ಅದು ಕಕ್ಕಸಿಗಾಯಿತು. ಆಮೇಲೆ ಮಂಚದ ಕೆಳಗಿನ ಒಂದು ಡಬ್ಬ ಎಳೆದರು. ಆ ಎರಡು ಡಬ್ಬ ಯಾಕೆ ಅಂತ ನಮಗೆ ಅವತ್ತು ಅರ್ಥವಾಯಿತು. ನೀರು ಎಷ್ಟೇ ಕಡಿಮೆ ಇರಲಿ, ಐದರಲ್ಲಿ ಒಂದು ಪಾಲು ಎತ್ತಿಡಿ.

ನೀರು ಬರುವ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ನಲ್ಲಿ ತೆರೆದ ಕೂಡಲೇ ಬರುವುದು ತುಕ್ಕಿನ ನೀರು, ಅದು ಕಕ್ಕಸಿನ ಬಕೆಟ್ಟಿಗೆ. ತಿಳಿಯಾದ ಮೇಲೆ ಮೊದಲು ಜಾಡಿ, ಆಮೇಲೆ ಕೆಂಪು ಬಟ್ಟೆಯ ಡಬ್ಬ, ಆಮೇಲೆ ಉಳಿದದ್ದು. ಡಬ್ಬವೆಲ್ಲ ತುಂಬುವ ತನಕ ಬಟ್ಟೆ ನೆನೆಸಲು ಅಮ್ಮ ಬಿಡುತ್ತಿರಲಿಲ್ಲ. ನೀರು ಯಾವಾಗ ಸಣ್ಣಗಾಗುತ್ತದೋ ಹೇಳಲಾಗುವುದಿಲ್ಲ, ಅಲ್ವಾ? ಡಬ್ಬ ತುಂಬಿದ ಮೇಲೆ ಬಟ್ಟೆ, ಕೊನೆಗೆ ನಾವು ಮಕ್ಕಳು ನಲ್ಲಿಯ ಕೆಳಗೇ ಕೂತು ತಲೆಗೆ ಸ್ನಾನ. ಕಡೆಯ ಹತ್ತು ನಿಮಿಷ ಚೊಂಬು, ಪಾತ್ರೆ, ಲೋಟ, ಸಿಕ್ಕಿದ್ದಕ್ಕೆಲ್ಲ ನೀರು ತುಂಬಿಸುವುದು.

ಕೆಳಗಿನ ಮನೆಯವರು ನಲ್ಲಿ ಪೂರ್ತಿ ತಿರುಗಿಸಿದರೆ ಮೇಲಿನವರಿಗೆ ದಾರದಷ್ಟು ನೀರು. ಆ ದಿನ ಇಡೀ ಗಲ್ಲಿಯಲ್ಲಿ ಒಂದೇ ಕೂಗು: "ಲಾವ್ ಹಾ, ಸಾನ್ ಸೊಯ್ ಹಾವ್!" ಕೆಳಗಿನವರೇ, ನಲ್ಲಿ ನಿಲ್ಲಿಸಿ ಅಂತ. ನಮ್ಮ ಬಾಯಲ್ಲಿ ಬೇರೆ ಚೀನೀ ಮಾತು ಬರುವ ಮೊದಲೇ ಅದು ಬಂತು. ಕೂಗಿ ಏನೂ ಪ್ರಯೋಜನ ಇರಲಿಲ್ಲ. ಒಂದು ದಿನ ಅಮ್ಮ ತಟ್ಟೆಯಲ್ಲಿ ಅವಲಕ್ಕಿ ಒಗ್ಗರಣೆ ಹಿಡಿದು ಕೆಳಗಿಳಿದರು. ಮೂರನೇ ಮಹಡಿಯ ಅಜ್ಜಿಯನ್ನು ನಾವು ಪೊಪೊ ಅನ್ನುತ್ತಿದ್ದೆವು. ಅವರಿಗೂ ಅಮ್ಮನಿಗೂ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಅಮ್ಮ ಗೋಡೆ ಗಡಿಯಾರದ ಮುಳ್ಳು ತೋರಿಸಿದರು. ಅರ್ಧ ಗಂಟೆ ನೀವು, ಅರ್ಧ ಗಂಟೆ ನಾವು. ಪೊಪೊ ತಲೆಯಾಡಿಸಿದರು. ಮುಂದಿನ ಸಲ ಅವರೇ ಸರಿಯಾದ ಹೊತ್ತಿಗೆ ಕೋಲಿನಿಂದ ತಮ್ಮ ಮನೆಯ ಚಾವಣಿ ಕುಟ್ಟಿದರು. ನಮ್ಮ ಸರದಿ ಬಂತು ಅಂತ. ನಿಮ್ಮ ಕಟ್ಟಡದಲ್ಲೂ ನೀರು ಕಡಿಮೆಯಾದರೆ ಜಗಳಕ್ಕೆ ಮೊದಲೇ ಹೋಗಿ ಹೊತ್ತು ಗೊತ್ತುಮಾಡಿಕೊಳ್ಳಿ.

ಇನ್ನು ಒಂದೇ ನೀರನ್ನು ಮೂರು ಸಲ ದುಡಿಸುವುದು. ಅಕ್ಕಿ ತೊಳೆದ ಅಕ್ಕಚ್ಚನ್ನು ಚೆಲ್ಲಲೇಬೇಡಿ. ಎಣ್ಣೆ ಪಾತ್ರೆಗೆ ಮೊದಲ ಕೈ ಅದರಲ್ಲೇ ಹಾಕಿ, ಜಿಡ್ಡು ಚೆನ್ನಾಗಿ ಬಿಡುತ್ತದೆ. ತರಕಾರಿ ತೊಳೆದ ನೀರು ತುಳಸಿಗೆ. ಬಟ್ಟೆಯ ಕೊನೆಯ ಜಾಲಿಸಿದ ನೀರನ್ನು ಮುಂದಿನ ಕಂತಿನ ಬಟ್ಟೆ ನೆನೆಸಲು ಇಡಿ. ಸೋಪಿನ ನೀರಲ್ಲಿ ನೆಲ ಒರೆಸಿ, ಒರೆಸಿದ ನೀರು ಕಕ್ಕಸಿಗೆ. ಉಳಿದ ಮೂರು ದಿನದ ಸ್ನಾನಕ್ಕೆ ದಿನಕ್ಕೊಂದು ಡಬ್ಬ, ನಾಲ್ಕು ಜನಕ್ಕೆ. ಒಬ್ಬರಿಗೆ ಆರು ಚೊಂಬು. ಎರಡು ಮೈ ನೆನೆಸಲು, ನಾಲ್ಕು ಸೋಪು ತೊಳೆಯಲು. ತಗಡಿನ ಟಬ್ಬಿನೊಳಗೆ ನಿಂತೇ ಸ್ನಾನ, ಆಗ ಆ ನೀರೂ ಕಕ್ಕಸಿಗೆ ಸಿಗುತ್ತದೆ. ಸೋಪು ಕಡಿಮೆ ಹಚ್ಚಿ. ನೀರು ಹೋಗುವುದು ಸೋಪು ತೊಳೆಯುವುದರಲ್ಲೇ.

ಅಡುಗೆಯೂ ಬದಲಾಗಬೇಕು. ಸೊಪ್ಪಿಗೆ ನಾಲ್ಕು ತೊಳೆತ ಬೇಕು, ಅದಕ್ಕೇ ಅಮ್ಮ ಆ ದಿನಗಳಲ್ಲಿ ಸೊಪ್ಪು ಬಿಟ್ಟರು. ಅಲ್ಲಿನ ಮಾರುಕಟ್ಟೆಯಲ್ಲಿ ಹೀರೆ, ಬೂದುಗುಂಬಳ ಸಿಗುತ್ತಿತ್ತು. ಒಮ್ಮೆ ತೊಳೆದು ಸಿಪ್ಪೆ ಹೆರೆದರೆ ಸಾಕು. ಅನ್ನ, ಬೇಳೆ, ತರಕಾರಿ ಒಂದೇ ಪಾತ್ರೆಯಲ್ಲಿ. ಊಟಕ್ಕೆ ತಟ್ಟೆಯ ಬದಲು ತಾವರೆ ಎಲೆ. ಅಂಗಡಿಯವರು ಸಾಮಾನು ಕಟ್ಟಿಕೊಡಲು ಇಟ್ಟುಕೊಂಡಿದ್ದ ಎಲೆಯನ್ನು ಅಮ್ಮ ಕಾಸು ಕೊಟ್ಟು ತರುತ್ತಿದ್ದರು. ಬಿಸಿ ಅನ್ನ ಬಿದ್ದಾಗ ಬರುತ್ತಿದ್ದ ಆ ಘಮ ನನಗೆ ಇವತ್ತಿಗೂ ಬೇಕು ಅನ್ನಿಸುತ್ತದೆ.

ಕುಡಿಯುವ ನೀರಲ್ಲಿ ಮಾತ್ರ ಉಳಿತಾಯ ಬೇಡ. ಶೇಖರಿಸಿದ ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯಿರಿ. 1961ರಲ್ಲಿ ಅಲ್ಲಿ ಕಾಲರಾ ಬಂದಿತ್ತು, ಆ ಹೆದರಿಕೆ ಮನೆಮನೆಯಲ್ಲೂ ಇತ್ತು. ಕೈ ತೊಳೆಯುವುದನ್ನೂ ಬಿಡಬೇಡಿ. ಅಮ್ಮ ತಳಕ್ಕೆ ಮೊಳೆಯಿಂದ ತೂತು ಮಾಡಿದ ಹಾಲಿನ ಪುಡಿಯ ಡಬ್ಬ ತೂಗುಹಾಕಿದ್ದರು. ಒಂದು ಲೋಟ ಸುರಿದರೆ ಸಣ್ಣ ಧಾರೆಯಲ್ಲಿ ನಾಲ್ವರೂ ಕೈ ತೊಳೆಯುತ್ತಿದ್ದೆವು.

1964ರ ಮೇ ಕೊನೆಗೆ ವಯೋಲಾ ಅನ್ನುವ ಚಂಡಮಾರುತ ಮಳೆ ತಂದಿತು. ಜನ ಬೀದಿಗಿಳಿದು ನೆನೆದರು. ನಲ್ಲಿಯಲ್ಲಿ ಮತ್ತೆ ನೀರು ಬಂತು. 1965ರ ಮಾರ್ಚಿನಿಂದ ಚೀನಾದ ಡೋಂಗ್‌ಜಿಯಾಂಗ್ ನದಿಯ ನೀರೂ ಪೈಪಿನಲ್ಲಿ ಬರತೊಡಗಿತು. ಅಕ್ಕಪಕ್ಕದವರು ಡಬ್ಬಗಳನ್ನು ಗುಜರಿಗೆ ಹಾಕಿದರು. ಅಮ್ಮ ನಮ್ಮ ಡಬ್ಬಗಳಿಗೆ ಹುಣಸೆಹಣ್ಣು ಉಜ್ಜಿ, ತೊಳೆದು, ಒಣಗಿಸಿ, ಬೋರಲು ಹಾಕಿ ಮಂಚದ ಕೆಳಗೆ ಇಟ್ಟರು. 1967ರ ಬೇಸಿಗೆಯಲ್ಲಿ ಮತ್ತೆ ನಾಲ್ಕು ದಿನಕ್ಕೆ ನಾಲ್ಕು ಗಂಟೆ ನೀರು ಅಂತ ಸುದ್ದಿ ಬಂದಾಗ ತಮ್ಮ ಬಗ್ಗಿ ಒಂದೊಂದಾಗಿ ಎಳೆದುಕೊಟ್ಟ. ಹತ್ತೂ ಇದ್ದವು.