ಪರದೆ ಮಲಗಿದರೆ ಹಾಡೂ ಮಲಗುತ್ತಾ? ಲಿನಕ್ಸ್‌ನಲ್ಲಿ ಹೀಗೆ ಸರಿಮಾಡಿ

ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಹಾಲ್‌ನ ಕಂಪ್ಯೂಟರೇ ರೇಡಿಯೊ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿರುವ ಹಳೇ ಡೆಸ್ಕ್‌ಟಾಪ್ ಅದು. ಹಾಡು ಹಾಕಿ ನಾನು ಪೇಪರ್ ಹಿಡಿಯುತ್ತೇನೆ, ಅಮ್ಮ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಾರೆ. ಕೆಲವು ತಿಂಗಳ ಹಿಂದೆ ಒಂದು ಕಾಟ ಶುರುವಾಯಿತು. ಹತ್ತು ನಿಮಿಷ ಆಗುವುದೇ ತಡ, ಹಾಡು ಬಂದ್. ಅಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ಮೌಸ್ ಅಲ್ಲಾಡಿಸಿದರೆ ಮತ್ತೆ ಶುರು. "ಇದರ ಪಕ್ಕ ಯಾರಾದ್ರೂ ಕೂತಿರ್ಬೇಕು ಕಣೋ, ಇಲ್ದಿದ್ರೆ ಹಾಡಲ್ಲ" ಎಂದರು.

ನಾನು ಎರಡು ವಾರ ಇಂಟರ್ನೆಟ್ಟನ್ನು ಬೈದೆ. ಆಮೇಲೊಂದು ದಿನ ನೆಟ್ ಇಲ್ಲದಾಗ ಡಿಸ್ಕ್‌ನಲ್ಲೇ ಇದ್ದ ಹಾಡು ಹಾಕಿದೆ. ಅದೂ ಹತ್ತು ನಿಮಿಷಕ್ಕೇ ನಿಂತಿತು. ಅಮ್ಮ ಹೇಳಿದ್ದೇ ಸರಿ. ಪಕ್ಕದಲ್ಲಿ ಯಾರೂ ಇಲ್ಲ ಎಂದು ಕಂಪ್ಯೂಟರ್‌ಗೆ ಅನಿಸಿದ ಕೂಡಲೇ ಅದು ಪರದೆ ಆರಿಸುತ್ತಿತ್ತು. ಪರದೆಯ ಜೊತೆಗೆ ಹಾಡೂ ಹೋಗುತ್ತಿತ್ತು. ಹತ್ತು ನಿಮಿಷಕ್ಕೆ ಆರಿಸು ಎಂದು ಸೆಟ್ಟಿಂಗ್ ಹಾಕಿದ್ದು ಬೇರಾರೂ ಅಲ್ಲ, ನಾನೇ. ಕರೆಂಟ್ ಉಳಿಸೋಣ ಅಂತ.

ಇಂಥ ತೊಂದರೆ ಬಂದಾಗ ಎಲ್ಲರೂ ಮೊದಲು ಸೌಂಡ್ ಸೆಟ್ಟಿಂಗ್ಸ್‌ಗೆ ಕೈ ಹಾಕುತ್ತಾರೆ. ಬೇಡ. ಸೌಂಡ್ ಕೆಟ್ಟಿರುವುದಿಲ್ಲ, ಯಾರೋ ಒಬ್ಬರು ನಿದ್ದೆ ಹೋಗಿರುತ್ತಾರೆ. ಮಲಗಿದ್ದು ಮಾನಿಟರೋ, ಇಡೀ ಕಂಪ್ಯೂಟರೋ, ಸೌಂಡ್ ಚಿಪ್ಪೋ? ಅದನ್ನು ಪತ್ತೆ ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಮಲಗಿದ್ದು ಯಾರು?

ಒಂದು ಹಾಡು ಹಾಕಿ, ಗಡಿಯಾರ ನೋಡಿಕೊಳ್ಳಿ. ಮೌಸ್, ಕೀಬೋರ್ಡ್ ಮುಟ್ಟಬೇಡಿ. ಹಾಡು ನಿಂತ ಮೇಲೂ ಐದು ನಿಮಿಷ ಸುಮ್ನೆ ಕೂತಿರಿ. ಆಮೇಲೆ ಎಬ್ಬಿಸಿ.

ಮೌಸ್ ಅಲ್ಲಾಡಿಸಿದ ಕೂಡಲೇ ಪರದೆ, ಹಾಡು ಎರಡೂ ಬಂದವೇ? ಪ್ಲೇಯರ್‌ನಲ್ಲಿ ಹಾಡು ಆ ಐದು ನಿಮಿಷ ಮುಂದೆ ಹೋಗಿದೆಯೇ? ಹಾಗಿದ್ದರೆ ಕಂಪ್ಯೂಟರ್ ಎಚ್ಚರವಾಗಿಯೇ ಇತ್ತು, ಹಾಡುತ್ತಲೂ ಇತ್ತು. ಕೇಳಿಸುವ ದಾರಿ ಮಾತ್ರ ಮುಚ್ಚಿತ್ತು. ಮಲಗಿದ್ದು ಮಾನಿಟರ್.

ಹಾಡು ನಿಂತ ಜಾಗದಿಂದಲೇ ಮುಂದುವರಿಯಿತೇ? ಎಬ್ಬಿಸಲು ಕೀ ಅಥವಾ ಪವರ್ ಬಟನ್ ಒತ್ತಬೇಕಾಯಿತೇ? ಫ್ಯಾನ್ ಸದ್ದೂ ನಿಂತಿತ್ತೇ? ಹಾಗಾದರೆ ಇಡೀ ಕಂಪ್ಯೂಟರ್ ಸಸ್ಪೆಂಡ್ ಆಗಿತ್ತು, ಅಂದರೆ ಗಾಢ ನಿದ್ದೆಗೆ ಹೋಗಿತ್ತು.

ಇನ್ನು ಹಾಡು ಪೂರ್ತಿ ನಿಲ್ಲುವುದಿಲ್ಲ, ಆದರೆ ಶುರುವಿನ ಒಂದು ಅಕ್ಷರ ನುಂಗಿಹೋಗುತ್ತದೆ, ಅಥವಾ ಸ್ಪೀಕರ್‌ನಲ್ಲಿ ಆಗಾಗ 'ಟಕ್' ಎನ್ನುತ್ತದೆ ಎಂದಾದರೆ ಸೌಂಡ್ ಚಿಪ್ ತೂಕಡಿಸುತ್ತಿದೆ ಎಂದರ್ಥ.

ಮಾನಿಟರ್ ಮಲಗಿದಾಗ

ಹೆಚ್ಚಿನವರ ಮನೆಯ ಕಥೆ ಇದೇ ಇರಬಹುದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳೆಯ ವಿಜಿಎ ಕೇಬಲ್‌ನಲ್ಲಿ ಚಿತ್ರ ಮಾತ್ರ ಹೋಗುತ್ತಿತ್ತು. ಸ್ಪೀಕರ್‌ಗೆ ಬೇರೆ ವೈರ್ ಬೇಕಿತ್ತು. 2002ರ ಕೊನೆಯಲ್ಲಿ ಬಂದ ಎಚ್‌ಡಿಎಂಐ ಎರಡನ್ನೂ ಒಂದೇ ಕೇಬಲ್‌ಗೆ ಸೇರಿಸಿತು. ಡಿಸ್‌ಪ್ಲೇಪೋರ್ಟ್ ಕೂಡ ಹಾಗೇ. ಅನುಕೂಲವೇನೋ ಹೌದು. ಆದರೆ ಎಚ್‌ಡಿಎಂಐನಲ್ಲಿ ಸೌಂಡ್‌ಗೆ ಅಂತ ಪ್ರತ್ಯೇಕ ತಂತಿ ಇಲ್ಲ. ಚಿತ್ರದ ಗೆರೆಗಳನ್ನು ಒಂದಾದ ಮೇಲೊಂದು ಕಳಿಸುವಾಗ ಮಧ್ಯೆ ಸಣ್ಣ ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ಸೌಂಡ್ ನುಸುಳಿಕೊಂಡು ಹೋಗುತ್ತದೆ. ಚಿತ್ರದ ಬಸ್ಸಿನಲ್ಲಿ ಖಾಲಿ ಸೀಟು ಹಿಡಿದು ಕೂತಂತೆ ಅನ್ನಿ. ಬಸ್ಸೇ ಹೊರಡದಿದ್ದರೆ?

ಮಾನಿಟರ್ ಮಲಗಿಸುವ ಪದ್ಧತಿ ಇನ್ನೂ ಹಳೆಯದು. ವೀಸಾ ಎಂಬ ಸಂಸ್ಥೆ 1993ರಲ್ಲಿ ಮಾಡಿದ ಡಿಪಿಎಂಎಸ್ ಎಂಬ ನಿಯಮ ಅದು. ಈ ವೀಸಾಕ್ಕೂ ಅಮೆರಿಕಕ್ಕೆ ಹೋಗುವ ವೀಸಾಕ್ಕೂ ಸಂಬಂಧ ಇಲ್ಲ. ಆಗ ಮಾನಿಟರ್‌ಗೆ ಹೋಗುತ್ತಿದ್ದುದು ಚಿತ್ರ ಮಾತ್ರ, ಹಾಡಿನ ಚಿಂತೆ ಯಾರಿಗೂ ಇರಲಿಲ್ಲ. ಈಗ ಸಿಗ್ನಲ್ ನಿಂತರೆ ಮಾನಿಟರ್‌ನ ಒಳಗಿರುವ ಸ್ಪೀಕರ್ ಸುಮ್ಮನಾಗುತ್ತದೆ. ಮಾನಿಟರ್‌ನ ಹಿಂದಿನ ತೂತಿಗೆ ಚುಚ್ಚಿದ ಹೆಡ್‌ಫೋನ್ ಕೂಡ. ಕೆಲವು ಮಾನಿಟರ್‌ಗಳು ಮಲಗಿದಾಗ ಕೇಬಲ್ಲೇ ಕಿತ್ತುಹೋಗಿದೆ ಎಂದು ಕಂಪ್ಯೂಟರ್ ಅಂದುಕೊಂಡುಬಿಡುತ್ತದೆ. ಆಗ ಅದು ಸೌಂಡನ್ನು ಬೇರೆ ಕಡೆಗೆ ತಿರುಗಿಸುತ್ತದೆ. ಲ್ಯಾಪ್‌ಟಾಪ್‌ಗೆ ಟಿವಿ ಜೋಡಿಸಿದವರಿಗೆ ಹಾಡು ಇದ್ದಕ್ಕಿದ್ದಂತೆ ಲ್ಯಾಪ್‌ಟಾಪ್‌ನ ಪುಟ್ಟ ಸ್ಪೀಕರ್‌ನಿಂದ ಬರುವುದು ಇದಕ್ಕೇ.

ಖಚಿತ ಮಾಡಿಕೊಳ್ಳಲು ಹೆಡ್‌ಫೋನನ್ನು ಕಂಪ್ಯೂಟರ್‌ನದೇ ಹಸಿರು ತೂತಿಗೆ ಚುಚ್ಚಿ. ಮಾನಿಟರ್‌ನದಕ್ಕಲ್ಲ. ಸೌಂಡ್ ಸೆಟ್ಟಿಂಗ್ಸ್‌ನ ಔಟ್‌ಪುಟ್‌ನಲ್ಲಿ ಹೆಡ್‌ಫೋನ್ ಆರಿಸಿ. ಪರದೆ ಆರಿದ ಮೇಲೂ ಹಾಡು ಕೇಳಿಸಿದರೆ ಕಳ್ಳ ಸಿಕ್ಕ.

ಪ್ರತಿ ಸಲ ಹತ್ತು ನಿಮಿಷ ಕಾಯಬೇಕಿಲ್ಲ. ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನಲ್ಲಾದರೆ ಪರದೆ ಆರುವ ಸಮಯವನ್ನು 1 ನಿಮಿಷಕ್ಕೆ ಇಟ್ಟು ನೋಡಿ. ಮಿಂಟ್‌ನಂಥ ಎಕ್ಸ್11 (ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಹಳೇ ವ್ಯವಸ್ಥೆ) ಡೆಸ್ಕ್‌ಟಾಪ್ ಆದರೆ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆದು ಹೀಗೆ ಕೊಡಿ:

ಸ್ಲೀಪ್ 1; ಎಕ್ಸ್‌ಸೆಟ್ ಡಿಪಿಎಂಎಸ್ ಫೋರ್ಸ್ ಆಫ್

ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷ್‌ನ ಸಣ್ಣ ಅಕ್ಷರದಲ್ಲಿರಲಿ. ಪದಗಳ ನಡುವೆ ಒಂದೊಂದು ಜಾಗ ಬಿಡಿ. ಎಕ್ಸ್‌ಸೆಟ್ ಎಂದರೆ ಎಕ್ಸ್ ಅಕ್ಷರ, ಅದಕ್ಕೆ ಅಂಟಿಕೊಂಡು ಸೆಟ್. ಮೊದಲಿಗೆ 'ಸ್ಲೀಪ್ 1' ಏಕೆ? ಅದಿಲ್ಲದಿದ್ದರೆ ಎಂಟರ್ ಕೀಯಿಂದ ನೀವು ಬೆರಳೆತ್ತುವುದನ್ನೇ ಕಂಡು ಪರದೆ ಮತ್ತೆ ಏಳುತ್ತದೆ. ಇದು ಗೊತ್ತಿಲ್ಲದೆ ನಾನು ನಾಲ್ಕು ಸಲ ಪೆದ್ದನಾದೆ.

ಈಗ ಪರಿಹಾರ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯದು ಸೆಟ್ಟಿಂಗ್ ಬದಲಿಸುವುದೇ ಅಲ್ಲ. ಸ್ಪೀಕರನ್ನು ಕಂಪ್ಯೂಟರ್‌ನ ಹಸಿರು ತೂತಿಗೆ ಹಾಕಿ. ಪರದೆ ತನ್ನ ಪಾಡಿಗೆ ಮಲಗಲಿ, ಹಾಡು ತನ್ನ ಪಾಡಿಗೆ ಇರಲಿ. ಅಟ್ಟದಲ್ಲಿ ಬಿದ್ದಿದ್ದ ಜೋಡಿ ಸ್ಪೀಕರ್ ಇಳಿಸಿ ನಮ್ಮ ಮನೆಯಲ್ಲಿ ಹಾಗೇ ಮಾಡಿದ್ದೇವೆ. ಮಾನಿಟರ್‌ನ ಸ್ಪೀಕರ್‌ಗಿಂತ ಇದರ ಸೌಂಡೇ ಚೆನ್ನಾಗಿದೆ. ಅಮ್ಮ ಮಾತ್ರ ಇವತ್ತಿಗೂ ಹಾಲ್‌ಗೆ ಬಂದಾಗ ಒಮ್ಮೆ ಮೌಸ್ ಅಲ್ಲಾಡಿಸಿಯೇ ಹೋಗುತ್ತಾರೆ.

ಹಾಗಾಗುವುದಿಲ್ಲ, ಟಿವಿಯಲ್ಲೇ ಕೇಳಬೇಕು ಎನ್ನುವವರು ಪರದೆ ಆರದಂತೆ ಮಾಡಬೇಕು. ಮಿಂಟ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ತೆರೆದು 'ಟರ್ನ್ ಆಫ್ ದ ಸ್ಕ್ರೀನ್' ಎಂಬಲ್ಲಿ ನೆವರ್ ಆರಿಸಿ. ಉಬುಂಟುವಿನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಪವರ್, ಅಲ್ಲಿ ಸ್ಕ್ರೀನ್ ಬ್ಲ್ಯಾಂಕ್. ಅದಕ್ಕೂ ನೆವರ್. ಕೆಡಿಇ ಡೆಸ್ಕ್‌ಟಾಪ್‌ನವರಿಗೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಪವರ್ ಮ್ಯಾನೇಜ್‌ಮೆಂಟ್‌ನಲ್ಲೇ ಸಿಗುತ್ತದೆ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನಲ್ಲಿ ಪವರ್ ಮ್ಯಾನೇಜರ್‌ನ ಡಿಸ್‌ಪ್ಲೇ ಪುಟಕ್ಕೆ ಹೋಗಿ. ಅಲ್ಲೊಂದು ಕೊಕ್ಕೆ ಇದೆ: ಎಕ್ಸ್‌ಸ್ಕ್ರೀನ್‌ಸೇವರ್ ಎಂಬ ಪ್ರೋಗ್ರಾಮ್ ಕೂಡ ಇದ್ದರೆ ಅದಕ್ಕೂ ಪರದೆ ಆರಿಸುವ ಅಧಿಕಾರವಿದೆ. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ತೊಂದರೆ ಹಾಗೇ ಉಳಿಯುತ್ತದೆ.

ಬದಲಾವಣೆ ನಿಜಕ್ಕೂ ಆಯಿತೇ? 'ಎಕ್ಸ್‌ಸೆಟ್ ಕ್ಯೂ' ಎಂದು ಕೊಡಿ. ಕ್ಯೂ ಎಂದರೆ ಬರೀ ಆ ಒಂದು ಅಕ್ಷರ. ಬರುವ ಪಟ್ಟಿಯ ಕೊನೆಯ ಹತ್ತಿರ ಡಿಪಿಎಂಎಸ್ ಎನೇಬಲ್ಡ್ ಎಂದಿದೆಯೋ ಡಿಸೇಬಲ್ಡ್ ಎಂದಿದೆಯೋ ನೋಡಿ. ಸಮಯ ಸೆಕೆಂಡ್‌ಗಳಲ್ಲಿರುತ್ತದೆ, 600 ಎಂದರೆ ಹತ್ತು ನಿಮಿಷ. ಇನ್ನೂ ಎನೇಬಲ್ಡ್ ಇದ್ದರೆ 'ಎಕ್ಸ್‌ಸೆಟ್ -ಡಿಪಿಎಂಎಸ್' ಎಂದು ಕೊಟ್ಟರೆ ಆ ಸಲದ ಲಾಗಿನ್‌ಗೆ ಅದು ನಿಲ್ಲುತ್ತದೆ. ಡಿಪಿಎಂಎಸ್‌ನ ಹಿಂದಿರುವ ಗೆರೆ ಮೈನಸ್ ಚಿಹ್ನೆ, ಅದಕ್ಕೂ ಅಕ್ಷರಕ್ಕೂ ನಡುವೆ ಜಾಗ ಇರಕೂಡದು. ಪ್ರತಿ ಸಲವೂ ಹೀಗೇ ಇರಲಿ ಎನ್ನುವುದಾದರೆ ಈ ಸಾಲನ್ನು ಸ್ಟಾರ್ಟಪ್ ಅಪ್ಲಿಕೇಶನ್ಸ್‌ಗೆ ಸೇರಿಸಿ.

ಈ ಎಕ್ಸ್‌ಸೆಟ್ ಮಂತ್ರ, ಎಕ್ಸ್11ರ ಜಾಗಕ್ಕೆ ಬಂದಿರುವ ವೇಲ್ಯಾಂಡ್‌ನಲ್ಲಿ ನಡೆಯುವುದಿಲ್ಲ. ಈಚಿನ ಉಬುಂಟು ಸಾಮಾನ್ಯವಾಗಿ ವೇಲ್ಯಾಂಡ್‌ನಲ್ಲೇ ಓಡುತ್ತದೆ. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ವಿಂಡೋಯಿಂಗ್ ಸಿಸ್ಟಮ್ ಎಂಬಲ್ಲಿ ನಿಮ್ಮದು ಯಾವುದು ಎಂದು ತಿಳಿಯುತ್ತದೆ. ನೆಟ್‌ನಲ್ಲಿ ಸಿಗುವ ಹಳೇ ಸಲಹೆಗಳಲ್ಲಿ ಮುಕ್ಕಾಲು ಪಾಲು ಎಕ್ಸ್11 ಕಾಲದವು. ಮಾಡಿ ಮಾಡಿ ಸುಸ್ತಾಗುವ ಮೊದಲು ಇದನ್ನು ನೋಡಿಕೊಳ್ಳಿ.

ಪರದೆ ಸದಾ ಉರಿದರೆ ಕರೆಂಟ್? 24 ಇಂಚಿನ ಎಲ್‌ಇಡಿ ಮಾನಿಟರ್ ಸುಮಾರು 20 ವ್ಯಾಟ್ ತಿನ್ನುತ್ತದೆ ಎಂದುಕೊಳ್ಳಿ. ದಿನಕ್ಕೆ 5 ಗಂಟೆ ಹಾಡು ಕೇಳಿದರೂ ತಿಂಗಳಿಗೆ 3 ಯೂನಿಟ್. ಬ್ರೈಟ್‌ನೆಸ್ ಇಳಿಸಿದರೆ ಇನ್ನೂ ಕಡಿಮೆ. ಹಲವು ಟಿವಿಗಳ ಮೆನುವಿನಲ್ಲಿ 'ಪಿಕ್ಚರ್ ಆಫ್' ಎಂಬ ಆಯ್ಕೆ ಇರುತ್ತದೆ, ಚಿತ್ರ ಮಾತ್ರ ಆರಿ ಸೌಂಡ್ ಉಳಿಯುತ್ತದೆ. ಇದ್ದರೆ ಅದೇ ಸುಖ. ಮಾನಿಟರ್‌ನ ಪವರ್ ಬಟನ್ ಮಾತ್ರ ಒತ್ತಬೇಡಿ, ಅದರಿಂದ ಮತ್ತೆ ಅದೇ ಕಥೆ.

ಕೆಲವರಿಗೆ ಪರದೆ ಎದ್ದ ಮೇಲೂ ಸೌಂಡ್ ಬರುವುದಿಲ್ಲ. ಕಂಪ್ಯೂಟರ್ ಬೇರೆ ಕಡೆಗೆ ತಿರುಗಿಸಿದ್ದನ್ನು ವಾಪಸ್ ತಿರುಗಿಸಲು ಮರೆತಿದೆ ಅಷ್ಟೆ. ಸೌಂಡ್ ಸೆಟ್ಟಿಂಗ್ಸ್‌ನ ಔಟ್‌ಪುಟ್‌ನಲ್ಲಿ ಎಚ್‌ಡಿಎಂಐ ಮತ್ತೆ ಆರಿಸಿ. ಅಲ್ಲಿ ಕಾಣದಿದ್ದರೆ ಪಲ್ಸ್‌ಆಡಿಯೊ ವಾಲ್ಯೂಮ್ ಕಂಟ್ರೋಲ್ ಎಂಬ ಪುಟ್ಟ ಪ್ರೋಗ್ರಾಮ್ ಹಾಕಿಕೊಂಡು, ಅದರ ಕಾನ್ಫಿಗರೇಶನ್ ಪುಟದಲ್ಲಿ ಎಚ್‌ಡಿಎಂಐ ಇರುವ ಪ್ರೊಫೈಲ್ ಆರಿಸಿ. ಈಗಿನ ಲಿನಕ್ಸ್‌ಗಳಲ್ಲಿ ಸೌಂಡ್ ನೋಡಿಕೊಳ್ಳುವುದು ಪೈಪ್‌ವೈರ್. ಆದರೂ ಈ ಹಳೇ ಪ್ರೋಗ್ರಾಮ್ ಅದರ ಜೊತೆಗೂ ಸರಿಯಾಗಿ ಕೆಲಸ ಮಾಡುತ್ತದೆ.

ಇಡೀ ಕಂಪ್ಯೂಟರ್ ಮಲಗಿದಾಗ

ಇದು ಸುಲಭ. ಸಿನಿಮಾ ನೋಡುವಾಗ ವಿಡಿಯೊ ಪ್ಲೇಯರ್‌ಗಳು 'ಈಗ ಮಲಗಬೇಡ' ಎಂದು ಕಂಪ್ಯೂಟರ್‌ಗೆ ಹೇಳಿಬಿಡುತ್ತವೆ. ಹಾಡಿನ ಪ್ಲೇಯರ್‌ಗಳೆಲ್ಲ ಹಾಗೆ ಹೇಳುವುದಿಲ್ಲ. ಪವರ್ ಸೆಟ್ಟಿಂಗ್ಸ್‌ನಲ್ಲೇ ಆಟೊಮ್ಯಾಟಿಕ್ ಸಸ್ಪೆಂಡ್ ಎಂದಿರುತ್ತದೆ, ಮಿಂಟ್‌ನಲ್ಲಿ 'ಸಸ್ಪೆಂಡ್ ವೆನ್ ಇನ್‌ಆಕ್ಟಿವ್'. ಕರೆಂಟ್ ಮೇಲೆ ಓಡುವಾಗ ಅದನ್ನು ನಿಲ್ಲಿಸಿ. ಬ್ಯಾಟರಿಗೆ ಹಾಗೇ ಬಿಡಿ, ಬೇಕಾಗುತ್ತದೆ.

ಶಾಶ್ವತವಾಗಿ ಬೇಡ, ಹಾಡು ಕೇಳುವಷ್ಟು ಹೊತ್ತು ಸಾಕು ಎನ್ನುವವರಿಗೆ ಬೇರೆ ದಾರಿ ಇದೆ. ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್‌ನಲ್ಲಿ ಇನ್ಹಿಬಿಟ್ ಆಪ್ಲೆಟ್, ಎಕ್ಸ್‌ಎಫ್‌ಸಿಇಯಲ್ಲಿ ಪ್ರೆಸೆಂಟೇಶನ್ ಮೋಡ್, ಕೆಡಿಇಯಲ್ಲಿ ಬ್ಯಾಟರಿ ಚಿತ್ರ ಒತ್ತಿದಾಗ ಬರುವ ನಿದ್ದೆ ತಡೆಯುವ ಗುಂಡಿ. ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್‌ಗೆ ಕೆಫೀನ್ ಎಂಬ ಎಕ್ಸ್‌ಟೆನ್ಶನ್ ಹಾಕಿಕೊಳ್ಳಬಹುದು. ಹೆಸರಿಟ್ಟವರಿಗೆ ಕಾಫಿ ಪ್ರೀತಿ ಇದ್ದಿರಬೇಕು. ಇವು ಪರದೆಯನ್ನೂ ಆರಲು ಬಿಡುವುದಿಲ್ಲ, ಹಾಗಾಗಿ ಎಚ್‌ಡಿಎಂಐನವರಿಗೂ ಇದೇ ಸಾಕಾಗಬಹುದು.

ಲ್ಯಾಪ್‌ಟಾಪ್ ಮುಚ್ಚಿದಾಗ ಹಾಡು ನಿಲ್ಲುವುದೂ ಸಸ್ಪೆಂಡೇ. ಮಿಂಟ್, ಕೆಡಿಇ, ಎಕ್ಸ್‌ಎಫ್‌ಸಿಇಗಳ ಪವರ್ ಸೆಟ್ಟಿಂಗ್ಸ್‌ನಲ್ಲಿ ಮುಚ್ಚಿದಾಗ ಏನು ಮಾಡಬೇಕು ಎಂಬ ಆಯ್ಕೆ ನೇರವಾಗಿ ಇದೆ. ಬದಲಿಸಿದ ಮೇಲೆ ಒಂದು ಎಚ್ಚರ: ಮುಚ್ಚಿದ ಲ್ಯಾಪ್‌ಟಾಪನ್ನು ಹಾಗೇ ಬ್ಯಾಗಿಗೆ ಹಾಕಿದರೆ ಅದು ಒಳಗೆ ಓಡುತ್ತಲೇ ಇರುತ್ತದೆ. ತೆಗೆದಾಗ ಇಸ್ತ್ರಿ ಪೆಟ್ಟಿಗೆಯ ಹಾಗೆ ಕಾದಿರುತ್ತದೆ.

ಚಿಪ್ ತೂಕಡಿಸಿದಾಗ

ಇಲ್ಲಿ ಪರದೆಗೆ ಸಂಬಂಧ ಇಲ್ಲ, ಆದರೆ ಇದೂ ಕರೆಂಟ್ ಉಳಿಸುವ ಸೆಟ್ಟಿಂಗೇ. ಒಂದಷ್ಟು ಸೆಕೆಂಡ್ ಸದ್ದಿಲ್ಲದಿದ್ದರೆ ಚಿಪ್ ಆರುತ್ತದೆ, ಮತ್ತೆ ಏಳುವಾಗ 'ಟಕ್'. ಫೈಲ್ ಮ್ಯಾನೇಜರ್‌ನಲ್ಲಿ ಫೈಲ್ ಸಿಸ್ಟಮ್ ತೆರೆಯಿರಿ. ಎಸ್‌ವೈಎಸ್, ಮಾಡ್ಯೂಲ್, ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್, ಪ್ಯಾರಾಮೀಟರ್ಸ್ ಎಂಬ ಫೋಲ್ಡರ್‌ಗಳನ್ನು ಒಂದರೊಳಗೊಂದು ದಾಟಿ ಪವರ್_ಸೇವ್ ಎಂಬ ಫೈಲ್ ನೋಡಿ. 0 ಇದ್ದರೆ ಚಿಪ್ ಮಲಗುವುದಿಲ್ಲ. 1 ಅಥವಾ 10 ಇದ್ದರೆ ಅಷ್ಟು ಸೆಕೆಂಡ್ ಮೌನಕ್ಕೆ ಮಲಗುತ್ತದೆ. ಹೆಸರಿನಲ್ಲಿ ಇಂಟೆಲ್ ಇದ್ದರೂ ಎಎಂಡಿ ಯಂತ್ರಗಳಲ್ಲೂ ಇದೇ ಇರುತ್ತದೆ, ಗಾಬರಿ ಬೇಡ.

0 ಮಾಡಲು ಇಟಿಸಿ ಫೋಲ್ಡರ್‌ನೊಳಗಿನ ಮಾಡ್‌ಪ್ರೋಬ್.ಡಿ ಎಂಬಲ್ಲಿ ಸೌಂಡ್.ಕಾನ್ಫ್ ಹೆಸರಿನ ಹೊಸ ಫೈಲ್ ಮಾಡಿ. ಸೂಡೊ (ಅಡ್ಮಿನ್) ಅಧಿಕಾರ ಬೇಕಾಗುತ್ತದೆ. ಅದರಲ್ಲಿ ಒಂದೇ ಸಾಲು, ಇದೂ ಇಂಗ್ಲಿಷ್‌ನ ಸಣ್ಣ ಅಕ್ಷರದಲ್ಲಿ:

ಆಪ್ಶನ್ಸ್ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಪವರ್_ಸೇವ್=0

ಉಳಿಸಿ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿ. ಬೇಡವೆನಿಸಿದರೆ ಆ ಫೈಲ್ ಅಳಿಸಿದರೆ ಆಯಿತು, ಎಲ್ಲ ಮೊದಲಿನಂತೆ. ಲ್ಯಾಪ್‌ಟಾಪ್‌ನಲ್ಲಿ ಟಿಎಲ್‌ಪಿ ಎಂಬ ಬ್ಯಾಟರಿ ಉಳಿಸುವ ಪ್ರೋಗ್ರಾಮ್ ಹಾಕಿದ್ದರೆ ಅದು ನಿಮ್ಮ 0ಯನ್ನು ಮತ್ತೆ 1 ಮಾಡಬಹುದು. ಅದರ ಟಿಎಲ್‌ಪಿ.ಕಾನ್ಫ್ ಫೈಲ್‌ನಲ್ಲಿ ಸೌಂಡ್ ಪವರ್ ಸೇವ್ ಆನ್ ಎಂದು ಶುರುವಾಗುವ ಸಾಲುಗಳಿಗೂ 0 ಕೊಡಿ.

ಒಂದು ವಿಷಯ ಮರೆತಿದ್ದೆ. ಮನೆಯಲ್ಲಿ ಒಂದೇ ಕಂಪ್ಯೂಟರ್‌ಗೆ ಎರಡು ಅಕೌಂಟ್ ಇದ್ದು, ಮಕ್ಕಳು 'ಸ್ವಿಚ್ ಯೂಸರ್' ಒತ್ತಿ ತಮ್ಮದಕ್ಕೆ ಹೋದ ಕೂಡಲೇ ನಿಮ್ಮ ಹಾಡು ನಿಂತರೆ ಅದು ಮೇಲಿನ ಯಾವುದೂ ಅಲ್ಲ. ಎದುರಿಗೆ ಕೂತವರಿಗೆ ಮಾತ್ರ ಸ್ಪೀಕರ್ ಎಂದು ಲಿನಕ್ಸ್ ಬೇಕೆಂದೇ ಹಾಗೆ ಮಾಡುತ್ತದೆ. ಅದಕ್ಕೆ ಸೆಟ್ಟಿಂಗ್ ಹುಡುಕುವುದಕ್ಕಿಂತ ಮಕ್ಕಳ ಜೊತೆ ಮಾತಾಡಿಕೊಳ್ಳುವುದು ಸುಲಭ.